ಹತ್ತಿ ತುಂಬಿದ ಕೈಗವಸು

ನನ್ನ ಇಬ್ಬರು ಅಣ್ಣಂದಿರೂ ಮಾತಿನಲ್ಲೇ ಮನೆ ಕಟ್ಟುವವರು. ಆಸ್ಪತ್ರೆಯಲ್ಲಿ ಅಪ್ಪನ ಮಂಚದ ಆಚೆಗೊಬ್ಬ, ಈಚೆಗೊಬ್ಬ ನಿಂತು ಬೆಳಗಿನಿಂದ ಅದನ್ನೇ ಮಾಡುತ್ತಿದ್ದರು.

"ಹೊಟ್ಟೆಗೆ ನಳಿಗೆ ಹಾಕಿಸ್ಲಿಲ್ಲ ಅಂದ್ರೆ ಅದು ಕೊಲೆ. ಹೆತ್ತ ಅಪ್ಪನ್ನ ಹಸಿವಿಂದ ಸಾಯಿಸ್ತೀಯಾ?" ಅಂದ ದೊಡ್ಡಣ್ಣ.

"ಹಾಕಿಸಿ ಇನ್ನೂ ಎಷ್ಟು ನರಳಿಸ್ಬೇಕು ಅಂತಿದ್ದೀಯ? ಮನುಷ್ಯನಿಗೆ ಸಾಯೋಕೂ ಹಕ್ಕಿದೆ, ಅಣ್ಣ," ಅಂದ ಚಿಕ್ಕಣ್ಣ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ. ಇಲ್ಲಿ ಕೂಸಿಗೆ ಎಂಬತ್ತು ದಾಟಿತ್ತು. ನನಗಂತೂ ಇಬ್ಬರ ಮಾತೂ ಸಾಕಾಗಿ, ಗೋಡೆಗೆ ಒರಗಿ ನಿಂತಿದ್ದೆ. ರಾತ್ರಿ ಕಾಯುವವಳು ನಾನು, ಹಾಸಿಗೆ ಬದಲಿಸುವವಳು ನಾನು. ಹಕ್ಕಿನ ಮಾತು ಅವರದು.

ಲಕ್ವ ಹೊಡೆದು ಅಪ್ಪನಿಗೆ ಮಾತು ಹೋಗಿತ್ತು, ನುಂಗುವುದೂ ಹೋಗಿತ್ತು. ಬುದ್ಧಿ ಮಾತ್ರ ಸರಿಯಾಗಿದೆ ಎಂದು ಡಾಕ್ಟರೇ ಹೇಳಿದ್ದರು. ಈಗ ಮೂಗಿನ ನಳಿಗೆ ತೆಗೆದು ಹೊಟ್ಟೆಗೇ ತೂತು ಮಾಡಿ ಹಾಕಬೇಕು. ಬೇಕೋ ಬೇಡವೋ ಸಂಜೆಯೊಳಗೆ ತಿಳಿಸಿ ಎಂದು ಹೋಗಿದ್ದರು.

ಅಪ್ಪ ಬಸ್ ಕಂಡಕ್ಟರಾಗಿದ್ದವರು. ಮನೆಯಲ್ಲೂ ಅದೇ ಚಾಳಿ. ಬಾಗಿಲಿಗೆ ಎರಡು ಸಲ ತಟ್ಟಿದರೆ ಹೊರಡಿ, ಒಂದು ಸಲ ತಟ್ಟಿದರೆ ನಿಲ್ಲಿಸಿ. ನಮ್ಮ ಚಿಕ್ಕಂದಿನ ಜಗಳಗಳೆಲ್ಲ ಆ ಒಂದು ತಟ್ಟಿಗೇ ನಿಲ್ಲುತ್ತಿದ್ದವು. ಮಾತು ಹೋದ ಮೇಲೂ ಮಂಚದ ಕಂಬಿಗೆ ಎಡಗೈಯಿಂದ ಒಂದು ಸಲ ತಟ್ಟಿ, ಮೈ ಒರೆಸಿದ್ದು ಸಾಕು ಎನ್ನುತ್ತಿದ್ದರು. ಆಮೇಲೆ ಅದೇ ಕೈಯಿಂದ ನಳಿಗೆ ಕೀಳತೊಡಗಿದರು. ಕೈಗೇನಾದರೂ ಹಾಕಿ ಎಂದರು ನರ್ಸಮ್ಮ. ನಾನು ಬಟ್ಟೆ ಹೊಲಿದು ಬದುಕುವವಳು. ಹತ್ತಿ ತುಂಬಿ ದಪ್ಪನೆಯ ಕೈಗವಸು ಹೊಲಿದುಕೊಟ್ಟೆ.

ಅಣ್ಣಂದಿರು ಕೂಗಾಡುತ್ತಿದ್ದಾಗ ಆ ಕೈಗವಸು ಕಂಬಿಯ ಮೇಲೆ ಎದ್ದು ಬೀಳುವುದು ಕಂಡಿತು. ಸದ್ದೇ ಇಲ್ಲ. ನಳಿಗೆ ಉಳಿಸಲು ಹೋಗಿ ನಾನು ಅಪ್ಪನ ಬಾಯಿಯನ್ನೇ ಹೊಲಿದುಬಿಟ್ಟಿದ್ದೆ.

"ಇಬ್ರೂ ಸ್ವಲ್ಪ ಬಾಯಿ ಮುಚ್ತೀರಾ?" ಎಂದು ಕೈಗವಸು ಬಿಚ್ಚಿದೆ.

ಅಪ್ಪ ಮೊದಲು ಮೂಗು ತುರಿಸಿಕೊಂಡರು. ಹಾಯಾಗಿ, ಕಣ್ಣು ಮುಚ್ಚಿಕೊಂಡು. ಚಿಕ್ಕಣ್ಣನಿಗೆ ನಗು ಬಂತು.

"ಅಪ್ಪ, ಹೊಟ್ಟೆಗೆ ನಳಿಗೆ ಹಾಕಿದ್ರೆ ಇನ್ನೂ ಸ್ವಲ್ಪ ಕಾಲ ಇರ್ತೀರಿ. ಬೇಡ ಅಂದ್ರೆ ಇರಲ್ಲ. ಹಾಕಿಸೋಣ್ವಾ?"

ಬೆರಳಿನ ಗೆಣ್ಣು ಕಂಬಿಗೆ ಒಂದು ಸಲ ಬಡಿಯಿತು. ಎರಡನೆಯದಕ್ಕಾಗಿ ಕಾದೆವು. ಬರಲಿಲ್ಲ.

"ಅವ್ರಿಗೆ ಅರ್ಥ ಆಗಿಲ್ಲ. ನೀನು ಸ್ವಲ್ಪ ಆ ಕಡೆ ಸರಿ," ಎಂದು ದೊಡ್ಡಣ್ಣ ಬಗ್ಗಿದ. ಅವನ ದನಿ ಒಡೆದಿತ್ತು. "ಅಪ್ಪ, ನಾನು. ಇನ್ನೂ ಸ್ವಲ್ಪ ದೂರ ಹೋಗೋಣ, ಅಪ್ಪ. ಆಗಲ್ವಾ?"

ಅಪ್ಪ ಅವನನ್ನು ಬಹಳ ಹೊತ್ತು ನೋಡಿದರು. ಮತ್ತೆ ಒಂದೇ ಸಲ ತಟ್ಟಿದರು.

ಅಷ್ಟರಲ್ಲಿ ನರ್ಸಮ್ಮ ಒಳಬಂದರು. "ಅಯ್ಯೋ, ಕೈಗೆ ಹಾಕಿದ್ದು ಯಾಕೆ ಬಿಚ್ಚಿದ್ರಿ? ಹಾಕಿ, ಹಾಕಿ."

ಕೈಗವಸು ನೆಲದ ಮೇಲಿತ್ತು. ದೊಡ್ಡಣ್ಣನೇ ಎತ್ತಿಕೊಂಡ. ಹಾಕಿಯೇಬಿಡುತ್ತಾನೆ ಅಂದುಕೊಂಡೆ. ಅವನು ಅದನ್ನು ಮಡಿಸಿ ಜೇಬಿಗೆ ತುರುಕಿ, ಕಣ್ಣೊರೆಸಿಕೊಂಡ.

"ಡಾಕ್ಟರನ್ನ ಕರೀರಿ," ಅಂದ. "ಅಪ್ಪ ಇಲ್ಲೇ ಇಳೀತಾರಂತೆ."