ಗುಂಪಿನಲ್ಲಿ ಕಾಣದ ಹೆಸರು

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದೇ ಸಾಲು: ಗುಂಪಿನ ಹೆಸರು, ಅದರ ಸಂಖ್ಯೆ, ಕೊನೆಯಲ್ಲಿ ಪದ್ಮಾಕ್ಷಿ. ಇಷ್ಟು ವರ್ಷವಾದರೂ ಆ ಸಾಲು ನನ್ನ ಕಣ್ಣಿಂದ ಮರೆಯಾಗಿಲ್ಲ.

ಆಗ ನಾನು ಒಂದು ಕಣ್ಣಾಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಪೊರೆ ತೆಗೆಸಲು ಕಾಯುವವರ ಪಟ್ಟಿ ಲಿನಕ್ಸ್ ಯಂತ್ರವೊಂದರಲ್ಲಿತ್ತು. ಅದನ್ನು ಬರೆಯುತ್ತಿದ್ದವರು ಹಿರಿಯ ಗುಮಾಸ್ತೆ ಪದ್ಮಾಕ್ಷಿ. ಏಳು ತಿಂಗಳು ಕಾದಿದ್ದ ಹುಸೇನಬಿ ಎಂಬ ಮುದುಕಿ ಒಂದು ಬೆಳಿಗ್ಗೆ ಬಂದಾಗ ಪಟ್ಟಿಯಲ್ಲಿ ಆಕೆಯ ಸರದಿಯ ಜಾಗದಲ್ಲಿ ಆಕೆಯ ಹೆಸರೇ ಇರಲಿಲ್ಲ. ಆ ಜಾಗಕ್ಕೆ ಬಂದಿದ್ದ ಹೆಸರು ಪದ್ಮಾಕ್ಷಿಯವರ ಚಿಕ್ಕಮ್ಮನದು.

ಮುಖ್ಯ ವೈದ್ಯ ಶಿವಸ್ವಾಮಿಯವರು ನನ್ನನ್ನು ಕರೆಸಿದರು. "ಆ ಪಟ್ಟಿ ತಿದ್ದೋದಕ್ಕೆ ಯಾರ್ಯಾರಿಗೆ ಆಗುತ್ತೆ?"

"ಸರದಿ ಅನ್ನೋ ಗುಂಪಿನಲ್ಲಿ ಇರೋವರಿಗೆ ಮಾತ್ರ ಸರ್," ಎಂದು ಅವರೆದುರೇ ಗುಂಪಿನ ಸದಸ್ಯರನ್ನು ತೋರಿಸುವ ಆಜ್ಞೆ ಕೊಟ್ಟೆ. ಆ ಸಾಲು ಮೂಡಿತು. ಒಂದೇ ಹೆಸರು.

"ಇನ್ನೊಂದ್ಸಲ ನೋಡಪ್ಪ," ಬಾಗಿಲಲ್ಲಿ ನಿಂತಿದ್ದ ಪದ್ಮಾಕ್ಷಿ ಅಂದರು. "ನಾನು ಯಾರ ಹೆಸರೂ ಅಳಿಸಿಲ್ಲ."

"ಎಷ್ಟು ಸಲ ನೋಡಿದ್ರೂ ಇಷ್ಟೇ ಬರೋದು ಮೇಡಂ," ಎಂದೆ. ದನಿಯಲ್ಲಿ ಠೀವಿಯಿತ್ತು.

ಅವರು ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು, ಮತ್ತೆ ಕೆಲಸಕ್ಕೆ ಬರಲಿಲ್ಲ. ಹುಸೇನಬಿಗೆ ಮುಂದಿನ ವಾರವೇ ಚಿಕಿತ್ಸೆಯಾಯಿತು. ಪದ್ಮಾಕ್ಷಿ ಬಡವಿಯ ಸರದಿ ಕದ್ದರೆಂಬ ಮಾತು ಊರಲ್ಲಿ ಉಳಿಯಿತು.

ತಿಂಗಳ ನಂತರ ಮತ್ತೊಂದು ಹೆಸರು ಮಾಯವಾಯಿತು. ಪದ್ಮಾಕ್ಷಿಯವರ ಖಾತೆಯನ್ನು ನಾನೇ ಅಳಿಸಿದ್ದೆ, ಅವರ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಅದೇ ಆಜ್ಞೆ ಕೊಟ್ಟೆ. ಈ ಸಲ ಸಾಲಿನ ಕೊನೆ ಖಾಲಿ. ಗುಂಪಿನಲ್ಲಿ ಯಾರೂ ಇಲ್ಲ, ಆದರೂ ಹೆಸರು ಹೋಗಿತ್ತು. ಬಳಕೆದಾರರೆಲ್ಲರ ಪಟ್ಟಿ ತೆಗೆದು ಒಬ್ಬೊಬ್ಬರ ಹೆಸರಿನ ಮುಂದಿದ್ದ ಗುಂಪಿನ ಸಂಖ್ಯೆ ಓದುತ್ತ ಹೋದೆ. ಸರದಿಯ ಸಂಖ್ಯೆ ನನ್ನ ಹೆಸರಿನ ಮುಂದಿತ್ತು.

ಯಂತ್ರವನ್ನು ಸಜ್ಜುಗೊಳಿಸುವಾಗ ನನ್ನ ಖಾತೆಗೆ ಅದನ್ನೇ ಮೂಲ ಗುಂಪಾಗಿ, ಅಂದರೆ ಖಾತೆ ತೆರೆಯುವಾಗಲೇ ಅಂಟಿಕೊಳ್ಳುವ ಗುಂಪಾಗಿ, ಕೊಟ್ಟು ಮರೆತಿದ್ದೆ. ಆಮೇಲೆ ಸೇರಿಸಿದವರ ಹೆಸರು ಮಾತ್ರ ಆ ಸಾಲಿನಲ್ಲಿ ಬರುತ್ತದೆ, ಮೂಲ ಗುಂಪಿನವರದು ಬರುವುದಿಲ್ಲ. ಎರಡು ಸಲ ಬಂದ ಹೆಸರನ್ನು ಅಳಿಸಲೆಂದು ನಾನು ಹೊಸದಾಗಿ ಬರೆದಿದ್ದ ಪುಟ್ಟ ಪ್ರೋಗ್ರಾಮು ತಿಂಗಳಿಗೊಮ್ಮೆ ನನ್ನ ಖಾತೆಯಿಂದಲೇ ಓಡುತ್ತಿತ್ತು. ಊರಲ್ಲಿ ಇಬ್ಬರು ಹುಸೇನಬಿಯರಿರಬಹುದೆಂದು ನನಗೆ ಹೊಳೆದಿರಲಿಲ್ಲ. ಪಟ್ಟಿಯ ಕೆಳಗಿದ್ದ ಇನ್ನೊಬ್ಬ ಹುಸೇನಬಿಯ ಹೆಸರು ಉಳಿದು ಈಕೆಯದು ಅಳಿದಿತ್ತು, ಮುಂದಿನ ಸರದಿಯಲ್ಲಿದ್ದ ಚಿಕ್ಕಮ್ಮನ ಹೆಸರು ತಾನಾಗಿಯೇ ಆ ಜಾಗಕ್ಕೆ ಏರಿತ್ತು.

ಮೂರು ದಿನ ಬಾಯಿ ಬಿಡಲಿಲ್ಲ. ಪ್ರೋಗ್ರಾಮನ್ನು ಅಳಿಸಿದೆ, ಹೋದ ಹೆಸರನ್ನು ಮತ್ತೆ ಸೇರಿಸಿದೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಲ್ಕನೆಯ ದಿನ ಶಿವಸ್ವಾಮಿಯವರಿಗೆ ಹೇಳಿದೆ.

"ಮೊದಲು ಅವರ ಮನೆಗೆ ಹೋಗಿ ಹೇಳಿ," ಎಂದರು.

ಪದ್ಮಾಕ್ಷಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಾನು ಹೇಳಿ ಮುಗಿಸುವವರೆಗೂ ಅವರ ಕೈ ನಿಲ್ಲಲಿಲ್ಲ. ಮೂಲೆಯಲ್ಲಿದ್ದ ಮುದುಕಿಯೊಬ್ಬರು ಗೋಡೆ ಸವರುತ್ತ ಒಳಗೆ ಹೋದರು.

"ಚಿಕ್ಕಮ್ಮ ಇನ್ನೂ ಆಪರೇಷನ್ ಮಾಡಿಸ್ಕೊಂಡಿಲ್ಲ," ಎಂದರು ಕೊನೆಗೆ. "ಕದ್ದ ಸರದಿ ಬೇಡ ಅಂತಾರೆ."

"ವಾಪಸ್ ಬನ್ನಿ ಮೇಡಂ. ಎಲ್ಲರೆದುರೂ ತಪ್ಪು ನಂದೇ ಅಂತ ಹೇಳ್ತೀನಿ."

ಅವರು ಮೊರದಿಂದ ತಲೆಯೆತ್ತಿದರು. ನಾಲ್ಕು ವರ್ಷ ನನ್ನನ್ನು ಏಕವಚನದಲ್ಲೇ ಮಾತಾಡಿಸಿದವರು ಅವರು.

"ನೀವಿನ್ನು ಹೊರಡಿ," ಎಂದರು ಮೆಲ್ಲಗೆ. "ಬಿಸಿಲೇರುತ್ತೆ."