ಹಿಂದಿನ ಆಕ್ಸಲ್

“ಇನ್ನೊಂದು ಬೆರಳಷ್ಟು ಎತ್ತಿ, ಅಕ್ಕ. ಸಾಕು, ಸಾಕು. ಈಗ ಒಂಚೂರು ನಿಮ್ಮ ಕಡೆ ಎಳ್ಕೊಳ್ಳಿ,” ಎಂದ ಮೆಕ್ಯಾನಿಕ್ಕು.

ಕಾರಿನ ಕೆಳಗೆ ಅಂಗಾತ ಮಲಗಿದ್ದ ಅವಳು ಎಳೆದುಕೊಂಡಳು. ಜಾಕಿನ ಮೇಲಿದ್ದ ಆಕ್ಸಲ್, ಹಿಂದಿನ ಎರಡು ಗಾಲಿಗಳನ್ನು ಸೇರಿಸುವ ಕಬ್ಬಿಣದ ಅಚ್ಚು, ಕೂದಲೆಳೆಯಷ್ಟು ಸರಿಯಿತು. ಪಟ್ಟಿ ಸ್ಪ್ರಿಂಗಿನಿಂದ ಕೆಳಗೆ ಚಾಚಿದ್ದ ಬೋಲ್ಟಿನ ತಲೆ ಆಕ್ಸಲ್‌ನ ತೂತಿಗೆ ಇನ್ನೂ ಕೂತಿರಲಿಲ್ಲ. ಹವಾಮಾನ ಕಚೇರಿಯಲ್ಲಿ ಹದಿನಾರು ವರ್ಷ ಮೋಡಗಳ ನಕ್ಷೆ ನೋಡಿದ ಕಣ್ಣಿಗೆ ಇಷ್ಟು ಹತ್ತಿರದ್ದನ್ನು ನೋಡುವ ಅಭ್ಯಾಸ ತಪ್ಪಿಹೋಗಿತ್ತು.

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಇಷ್ಟು ಹೊತ್ತಿಗೆ ಅವಳು ಹೇಳಬೇಕಾದ್ದನ್ನು ಹೇಳಿ ಮುಗಿಸಿರಬೇಕಿತ್ತು.

ವರ್ಗದ ಆದೇಶ ಬಂದು ಎಂಟು ದಿನವಾಗಿತ್ತು. ಕೇಳಿ ಪಡೆದ ವರ್ಗ. ಸಮುದ್ರದ ದಡದಲ್ಲೊಂದು ಪುಟ್ಟ ಕೇಂದ್ರ, ಒಂದು ಕೋಣೆಯ ಕ್ವಾರ್ಟರ್ಸು. ಅರ್ಜಿಯಲ್ಲಿ ಎಷ್ಟು ಜನ ಎಂದು ಕೇಳಿದ್ದ ಕಡೆ ‘ಒಬ್ಬರು’ ಎಂದು ಬರೆದಿದ್ದವಳು ಅವಳೇ. ಬರೆದ ಮೇಲೆ ಆ ಅಕ್ಷರಗಳು ಯಾಕೋ ತುಂಬ ದುಂಡಾಗಿ ಬಂದಿವೆ ಅನ್ನಿಸಿತ್ತು.

ಕಾಫಿ ಲೋಟ ಕೆಳಗಿಟ್ಟು, “ನೋಡಿ…” ಎಂದಿದ್ದಳು ಬೆಳಿಗ್ಗೆ.

“ಇವತ್ತು ಸ್ವಲ್ಪ ಶೆಡ್ಡಿಗೆ ಬರ್ತೀಯಾ?” ಎಂದುಬಿಟ್ಟಿದ್ದ ಗಂಡ, ಅದೇ ಉಸಿರಿಗೆ.

ಹಳೆ ಕಾರನ್ನು ಬಿಚ್ಚಿ ಕಟ್ಟತೊಡಗಿದ ಎರಡು ವರ್ಷದಲ್ಲಿ ಅವನು ಅವಳನ್ನು ಶೆಡ್ಡಿಗೆ ಕರೆದದ್ದು ಇದೇ ಮೊದಲು. ಕರೆದದ್ದೂ ಬೇರೆ ದಾರಿಯಿಲ್ಲದೆ. ಅವನು ಡ್ರಾಯಿಂಗ್ ಮೇಷ್ಟ್ರು. ಶಾಲೆಯ ಗೋಡೆಗೆ ಮಕ್ಕಳ ಚಿತ್ರ ತೂಗುಹಾಕಲು ಹೋಗಿ ಸ್ಟೂಲಿನಿಂದ ಬಿದ್ದು ಬಲಗೈ ಮುರಿದುಕೊಂಡಿದ್ದ. ಈಗ ಮೊಣಕೈವರೆಗೆ ಪ್ಲಾಸ್ಟರು. ಮೆಕ್ಯಾನಿಕ್ಕು ಒಬ್ಬನೇ ಆಕ್ಸಲ್ ಕೂರಿಸಲಾರ.

ಮೆಕ್ಯಾನಿಕ್ಕನ್ನು ಎಲ್ಲರೂ ಮೌನಿ ಎನ್ನುತ್ತಿದ್ದರು. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಆ ಹೆಸರು.

“ಎಂಜಿನ್ ಹೋದ ತಿಂಗಳೇ ಕೂತಾಯ್ತು ಅಕ್ಕ,” ಎಂದ ಅವನು, ಕಾರಿನ ಆಚೆ ಬದಿಯ ಕೆಳಗಿನಿಂದ. “ಹಳೇದರ ಎರಡರಷ್ಟು ಶಕ್ತಿ. ಆದ್ರೆ ಗಾಡಿ ತಳ್ಳೋದು ಹಿಂದಿನ ಗಾಲಿ ತಾನೇ? ಹಳೇ ಆಕ್ಸಲ್ ಹಾಗೇ ಬಿಟ್ಟಿದ್ರೆ ಮೊದಲ್ನೇ ಏರಿಗೇ ಲಟಕ್ ಅನ್ನೋದು. ಇದು ಗುಜರಿಯಲ್ಲಿ ಬಿದ್ದಿದ್ದ ಸರಕಿನ ವ್ಯಾನಿಂದು. ಮೇಷ್ಟ್ರು ಎರಡೂ ತುದಿ ಕತ್ತರಿಸಿ, ಅಳತೆಗೆ ಬೆಸುಗೆ ಹಾಕ್ಸಿದಾರೆ.”

ಅವಳು ಹೂಂಗುಟ್ಟಿದಳು. ಗಂಡ ಪಕ್ಕದಲ್ಲಿ ನೆಲಕ್ಕೆ ಕೂತು, ಎಡಗೈಯಲ್ಲಿ ಟಾರ್ಚು ಹಿಡಿದಿದ್ದ. ಅವಳಿಗೆ ಕಾಣುತ್ತಿದ್ದದ್ದು ಅವನ ಮಂಡಿ ಮಾತ್ರ. ದಿನಾ ಸಂಜೆ ಶಾಲೆಯಿಂದ ಬಂದವನೇ ಇಲ್ಲಿಗೆ ನುಗ್ಗುತ್ತಿದ್ದ. ಅಡುಗೆಮನೆಯಲ್ಲಿ ನಿಂತರೆ ಸುತ್ತಿಗೆಯ ಸದ್ದು ಕೇಳುತ್ತಿತ್ತು. ನನ್ನಿಂದ ತಪ್ಪಿಸಿಕೊಳ್ಳೋಕೆ ಇಷ್ಟೆಲ್ಲ ಕಬ್ಬಿಣ ಬೇಕಾಯಿತೇ ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು. ಜಗಳವೇನೂ ಆಗಿರಲಿಲ್ಲ. ಜಗಳಕ್ಕೂ ಇಬ್ಬರು ಬೇಕಲ್ಲ.

“ಎಂಜಿನ್ನಿಗಿಂತ ಕ್ಲಚ್ಚೇ ನಮ್ಮ ಪ್ರಾಣ ತಿಂದಿದ್ದು,” ಎಂದ ಮೌನಿ. “ಇಷ್ಟು ಶಕ್ತಿಗೆ ಗಟ್ಟಿ ಕ್ಲಚ್ಚೇ ಬೇಕು, ಒತ್ತಿದ್ರೆ ಕಾಲು ಬಿದ್ದುಹೋಗುತ್ತೆ. ಮೇಷ್ಟ್ರು ಒಪ್ಪಲೇ ಇಲ್ಲ. ನಿಮ್ಮ ಎಡಮಂಡಿ ನೋವಂತೆ? ಬೆರಳಲ್ಲಿ ಒತ್ತಿದ್ರೂ ಹೋಗ್ಬೇಕು ಅಂದ್ರು. ಮೂರು ಸಲ ಬಿಚ್ಚಿ ಹಾಕಿದ್ವಿ.”

“ನಿನ್ನ ಕಡೆ ಕೂತಿತೇನೋ?” ಎಂದ ಗಂಡ, ಸ್ವಲ್ಪ ಜೋರಾಗಿ.

“ಕೂತಿದೆ, ಕೂತಿದೆ.”

ಮಂಡಿ ನೋವು ಎಂದು ಅವಳು ಹೇಳಿದ್ದು ನಾಲ್ಕು ವರ್ಷದ ಹಿಂದೆ, ಒಂದೇ ಒಂದು ಸಲ. ಅವತ್ತಿನಿಂದ ಕಾರು ಓಡಿಸುವುದನ್ನು ಬಿಟ್ಟಿದ್ದಳು. ಅವನು ಆಗ ಪೇಪರಿನಿಂದ ತಲೆ ಎತ್ತಿರಲಿಲ್ಲ. ಈಗ ಅವಳಿಗೆ ಸಂತೋಷವಾಗಬೇಕಿತ್ತು. ಬಂದದ್ದು ಸಿಟ್ಟು. ‘ಈಗ ಹೇಗಿದೆ ಮಂಡಿ’ ಎಂದು ಕೇಳಲು ಎಷ್ಟು ಹೊತ್ತು ಬೇಕು? ಅಷ್ಟನ್ನು ಕೇಳಲಾರದ ಮನುಷ್ಯ ಮೂರು ಸಲ ಕ್ಲಚ್ಚು ಬಿಚ್ಚಿದ್ದಾನೆ.

ತಟ್ಟನೆ ಬೋಲ್ಟಿನ ತಲೆ ತೂತಿಗೆ ಇಳಿಯಿತು. ಮೌನಿ ನಟ್ಟುಗಳನ್ನು ಕೊಟ್ಟು, ಗೇರ್ ಆಯಿಲ್ ತರಲು ಹೊರಗೆ ಹೋದ. ಅವನು ಹೋದೊಡನೆ ಶೆಡ್ಡು ದೊಡ್ಡದಾಯಿತು.

“ನಂಗೆ ವರ್ಗ ಆಗಿದೆ,” ಎಂದಳು ಅವಳು, ಆಕ್ಸಲ್‌ಗೆ.

ಟಾರ್ಚಿನ ಬೆಳಕು ಅಲುಗಲಿಲ್ಲ.

“ಯಾವಾಗ?”

“ಒಂದನೇ ತಾರೀಕು. ಸಮುದ್ರದ ಹತ್ರ.”

“ಅವರಾಗೇ ಮಾಡಿದ್ರಾ?”

ಹೌದು ಎನ್ನುವುದು ಸುಲಭವಿತ್ತು. ಅವಳ ನಾಲಿಗೆ ಅದಕ್ಕೆ ಸಿದ್ಧವಾಗಿಯೂ ಇತ್ತು.

“ಇಲ್ಲ. ನಾನೇ ಕೇಳಿದ್ದು.”

ಹೊರಗೆ ಮೌನಿ ಯಾರೊಂದಿಗೋ ಫೋನಿನಲ್ಲಿ ಬೇರಿಂಗಿನ ಬಗ್ಗೆ ವಾದಿಸುತ್ತಿದ್ದ.

“ಆ ಒಳಗಿನ ನಟ್ಟು ಇನ್ನೊಂದು ಸುತ್ತು ಬಿಗಿ ಮಾಡು,” ಎಂದ ಗಂಡ.

ಅವಳು ಬಿಗಿ ಮಾಡಿದಳು. ಸ್ಪ್ಯಾನರ್ ಜಾರಿ ಬೆರಳ ಗೆಣ್ಣು ತರಚಿತು. ಅವನು ಟಾರ್ಚನ್ನು ನೆಲಕ್ಕಿಟ್ಟು, ಒಂದೇ ಕೈಯೂರಿ, ಪ್ಲಾಸ್ಟರನ್ನು ಎದೆಗವಚಿಕೊಂಡು ತೆವಳಿ ಕಾರಿನ ಕೆಳಗೆ ಬಂದ. ಹಳೆ ಬನಿಯನ್ನಿನ ಚೂರಿನಿಂದ ಅವಳ ಬೆರಳು ಒರೆಸಿದ. ರಕ್ತಕ್ಕಿಂತ ಗ್ರೀಸೇ ಹೆಚ್ಚಿತ್ತು. ಇಬ್ಬರೂ ಅಂಗಾತ ಮಲಗಿ, ಮೇಲಿನ ಕಬ್ಬಿಣವನ್ನು ನೋಡುತ್ತಿದ್ದರು.

“ಅಲ್ಲಿ ಶಾಲೆ ಇದ್ಯಾ?” ಎಂದ ಅವನು.

“ಗೊತ್ತಿಲ್ಲ. ಇರಬಹುದು.”

“ಡ್ರಾಯಿಂಗ್ ಇರುತ್ತೋ ಇಲ್ವೋ.”

“ವಿಚಾರಿಸಬಹುದು,” ಎಂದಳು. ಯಾರು ವಿಚಾರಿಸಬೇಕು ಎಂಬುದನ್ನು ಇಬ್ಬರೂ ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎಂಜಿನ್ನಿನಿಂದ ಬರುವ ಉದ್ದನೆಯ ಶಾಫ್ಟು ಆಕ್ಸಲ್‌ಗೆ ಕೂಡಿತು, ಬ್ರೇಕ್ ಪೈಪು ಸೇರಿತು, ಗಾಲಿಗಳು ಏರಿದವು. ಕಾರಿನ ಹಿಂಭಾಗ ಇನ್ನೂ ಸ್ಟ್ಯಾಂಡುಗಳ ಮೇಲೇ ಇತ್ತು. ಇಳಿಸುವ ಮೊದಲು, ತಿರುಗುವಾಗ ಆಕ್ಸಲ್ ಕಿರ್ರೆಂದು ಕೂಗುತ್ತದೆಯೇ ನೋಡಬೇಕು ಎಂದ ಮೌನಿ. ಗಂಡನ ಪ್ಲಾಸ್ಟರು ಸ್ಟಿಯರಿಂಗಿಗೆ ಅಡ್ಡ ಬರುತ್ತಿತ್ತು. ಅವಳೇ ಹತ್ತಿ ಕೂತಳು.

ಎಂಜಿನ್ ಮೊದಲ ತಿರುವಿಗೇ ಹಿಡಿಯಿತು. ಕ್ಲಚ್ಚು ಬೆಣ್ಣೆಯಂತೆ ಹೋಯಿತು. ಒಂದು, ಎರಡು, ಮೂರನೆಯ ಗೇರು. ಮೌನಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆಕ್ಸಲ್‌ಗೂ ಹಿಡಿಯನ್ನು ಕಿವಿಗೂ ಒತ್ತಿ, ಜೀವಮಾನದಲ್ಲಿ ಮೊದಲ ಬಾರಿಗೆ ಸುಮ್ಮನಿದ್ದ.

“ಕೂಗ್ತಿಲ್ಲ ಮೇಷ್ಟ್ರೇ!” ಎಂದು ಚೀರಿದ ಆಮೇಲೆ.

ಗಂಡ ಬಂದು ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡ.

“ಎಷ್ಟಿದೆ?”

“ನಲವತ್ತು.”

“ಮೀಟರ್ ಸುಳ್ಳು ಹೇಳುತ್ತೆ. ಆಕ್ಸಲ್ ಬದಲಾಯ್ತಲ್ಲ. ಐವತ್ತರ ಹತ್ರ ಇರಬೇಕು.”

ಗಾಜಿನಾಚೆ ಶೆಡ್ಡಿನ ಗೋಡೆ ಇದ್ದಲ್ಲೇ ಇತ್ತು. ಅವನು ಎಡಗೈಯಲ್ಲಿ ಸೀಟ್ ಬೆಲ್ಟು ಎಳೆದುಕೊಂಡು ತಿಣುಕಾಡಿದ. ಅವಳು ನಗು ತಡೆದು, ಆಕ್ಸಿಲರೇಟರಿನಿಂದ ಕಾಲು ಎತ್ತದೆ, ಬಾಗಿ ಕೊಂಡಿ ಸಿಕ್ಕಿಸಿದಳು. ಆಮೇಲೆ ತನ್ನದನ್ನೂ ಹಾಕಿಕೊಂಡಳು.

“ಇಳಿಸ್ಲಾ?” ಎಂದು ಮೌನಿ ಹೊರಗಿನಿಂದ ಕೂಗಿದ.

ಅವಳು ಕಾಲನ್ನು ಹಾಗೇ ಒತ್ತಿ ಹಿಡಿದಳು. ಮೀಟರಿನಲ್ಲಿ ಕಿಲೋಮೀಟರಿನ ಕೊನೆಯ ಅಂಕಿ ನಿಧಾನವಾಗಿ ಉರುಳಿತು. ಅವರ ಬೆನ್ನ ಹಿಂದೆ, ನೆಲದಿಂದ ಒಂದು ಗೇಣು ಮೇಲೆ, ಎರಡು ಗಾಲಿಗಳು ಬರೀ ಗಾಳಿಯನ್ನು ತುಳಿಯುತ್ತ ಓಡುತ್ತಲೇ ಇದ್ದವು.