ಗುಡ್ಡದ ಮೇಲೆ ನಾಯಕತ್ವ ತರಬೇತಿ

ಶಿಡ್ಲಘಟ್ಟದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸ್ಕೌಟ್ಸ್ ಶುರು ಮಾಡುವ ಮಾತು ಬಂದಾಗ, ಮೇಷ್ಟ್ರುಗಳಿಗೆಲ್ಲ ಒಟ್ಟಿಗೇ ಬೆನ್ನುನೋವು ಕಾಣಿಸಿಕೊಂಡಿತು. ಅವತ್ತು ರಜೆಯಲ್ಲಿದ್ದ ಗಣಿತದ ಮೋಹನ್‌ಬಾಬು ಸ್ಕೌಟ್ ಮಾಸ್ಟರ್ ಆದರು. ಏಳು ದಿನದ ತರಬೇತಿ ಮುಗಿಸಿ ಬಂದಾಗ ಅವರ ಕೊರಳಲ್ಲಿ ಸೀಟಿ ಇತ್ತು, ಬಾಯಲ್ಲಿ ನಾಯಕತ್ವ ಇತ್ತು.

ಹನ್ನೆರಡು ಹುಡುಗರಿಗೆ ಒಬ್ಬ ನಾಯಕನನ್ನು ಅವರು ಬಹಳ ನಿಷ್ಪಕ್ಷಪಾತವಾಗಿ ಆರಿಸಿದರು. ಶಾಲೆಯ ಅಧ್ಯಕ್ಷರ ಮಗ ಚೈತನ್ಯನ ಯೂನಿಫಾರಂ ಎಲ್ಲರದಕ್ಕಿಂತ ಚೆನ್ನಾಗಿ ಇಸ್ತ್ರಿಯಾಗಿತ್ತು. ಬೆಳಗ್ಗೆಯೇ ಎದ್ದು ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ, ಮುದುರಿದ ಅಂಗಿಯಲ್ಲಿ ಬಂದಿದ್ದ ಭಾನುಪ್ರಕಾಶನಿಗೆ ನೀರಿನ ಕ್ಯಾನ್ ಹೊರುವ ಗೌರವ ಸಿಕ್ಕಿತು.

ಶನಿವಾರ ಎಲ್ಲರೂ ದಿಬ್ಬೂರಹಳ್ಳಿ ಆಚೆಯ ಗುಡ್ಡ ಹತ್ತಿದರು. ಸುಡುವ ಬಿಸಿಲಿನಲ್ಲಿ ಮೇಷ್ಟ್ರು ಒಂದು ಗಂಟೆ ನಾಯಕತ್ವದ ಮೇಲೆ ಮಾತಾಡಿದರು. ಇಬ್ಬರು ಕೂತಲ್ಲೇ ನಿದ್ದೆ ಹೋದರು. ನಾಯಕನಾದವನು ಯಾವಾಗಲೂ ಮುಂದಿರಬೇಕು ಎಂದು ಹೇಳಿ, ಬಂಡೆ ಇಳಿಯುವ ಕ್ರಮ ತೋರಿಸಲು ಅವರು ಸಡಿಲ ಕಲ್ಲಿನ ಮೇಲೆ ಕಾಲಿಟ್ಟರು. ಅಲ್ಲಿಂದ ಕೆಳಗಿನ ಲಂಟಾನದ ಪೊದೆಯವರೆಗೆ ಅವರೇ ಎಲ್ಲರಿಗಿಂತ ಮುಂದಿದ್ದರು.

ಮೇಷ್ಟ್ರ ಪಾದ ಊದಿಕೊಂಡಿತು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಹುಡುಗರು ಶಿಸ್ತಿನಿಂದ ನಾಯಕನ ಅಪ್ಪಣೆಗೆ ಕಾದರು. ನಾಯಕ ಬಂಡೆಯ ಮೇಲೆ ಕೂತು ಅಳುತ್ತಿದ್ದ.

ಭಾನು ಸ್ವಲ್ಪ ಹೊತ್ತು ನೋಡಿ ಕ್ಯಾನ್ ಕೆಳಗಿಟ್ಟ. ಸ್ಕೌಟ್ ಪುಸ್ತಕದಲ್ಲಿ, ಪರೀಕ್ಷೆಗೆ ಬರುವುದಿಲ್ಲವೆಂದು ಮೇಷ್ಟ್ರು ಬಿಟ್ಟಿದ್ದ ಪ್ರಥಮ ಚಿಕಿತ್ಸೆಯ ಪಾಠವನ್ನು ಅವನು ಎರಡು ಸಲ ಓದಿದ್ದ.

"ಇಬ್ರು ರೋಡಿಗೋಗಿ ಆಟೋ ನಿಲ್ಸ್ರಪ್ಪ. ಮಿಕ್ಕೋರು ಅಂಗಿ ಬಿಚ್ರಿ," ಎಂದ. ಆಮೇಲೆ ಚೈತನ್ಯನ ಭುಜ ಮುಟ್ಟಿ, "ನೀನು ಸಾರ್ ಪಕ್ಕದಲ್ಲೇ ಇರು ಕಣೋ. ನೀರು ಕುಡಿಸ್ತಾ, ಮಾತಾಡಿಸ್ತಾ ಬಾ," ಎಂದ.

ಕೈಯಲ್ಲಿದ್ದ ಎರಡು ಸ್ಕೌಟ್ ಕೋಲುಗಳಿಗೆ ಅಂಗಿಗಳ ತೋಳು ತೂರಿಸಿದರು, ಗುಂಡಿ ಹಾಕಿದರು, ಸ್ಟ್ರೆಚರ್ ಆಯಿತು. ಅದರ ಮೇಲೆ ಮಲಗಿಯೂ ಮೇಷ್ಟ್ರು ತಮ್ಮ ಕರ್ತವ್ಯ ಮರೆಯದೆ ಲೆಫ್ಟ್ ರೈಟ್ ಹೇಳತೊಡಗಿದರು. ಹೆಜ್ಜೆ ಕೂಡಿದರೆ ಸ್ಟ್ರೆಚರ್ ಜೋಲಿ ಹೊಡೆಯುತ್ತದೆ, ದಯವಿಟ್ಟು ಸುಮ್ಮನಿರಿ ಎಂದು ಭಾನು ವಿನಯದಿಂದ ಕೇಳಿಕೊಂಡ.

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಹೆಡ್‌ಮಿಸ್ ಲಕ್ಷ್ಮಿದೇವಮ್ಮ ಶಿಬಿರದ ವರದಿ ಓದಿದರು. ಮಕ್ಕಳ ನಾಯಕತ್ವ ಪರೀಕ್ಷಿಸಲು ಮೋಹನ್‌ಬಾಬು ತುರ್ತು ಪರಿಸ್ಥಿತಿಯೊಂದನ್ನು ಸೃಷ್ಟಿಸಿದ್ದರೆಂದೂ, ಚೈತನ್ಯ ಅದನ್ನು ಸಮರ್ಥವಾಗಿ ನಿಭಾಯಿಸಿದನೆಂದೂ ಅದರಲ್ಲಿ ಬರೆದಿತ್ತು. ವರದಿ ಬರೆದವರು ಪ್ಲಾಸ್ಟರ್ ಹಾಕಿದ ಕಾಲು ಚಾಚಿಕೊಂಡು ಪಕ್ಕದಲ್ಲೇ ಕೂತಿದ್ದರು. ಅಧ್ಯಕ್ಷರೂ ವೇದಿಕೆಯ ಮೇಲಿದ್ದರು.

ಪದಕಕ್ಕೆಂದು ಕರೆದಾಗ ಚೈತನ್ಯ ಮೈಕ್ ಹತ್ತಿರ ಹೋದ. ಅವನ ಕಿವಿ ಕೆಂಪಾಗಿತ್ತು.

"ನಾನು ಅಳ್ತಾ ಕೂತಿದ್ದೆ ಮಿಸ್. ಎಲ್ಲಾ ಮಾಡಿದ್ದು ಭಾನು."

ಅಧ್ಯಕ್ಷರಿಗೆ ಇದ್ದಕ್ಕಿದ್ದಂತೆ ಮೊಬೈಲಿನಲ್ಲಿ ಏನೋ ಮುಖ್ಯವಾದದ್ದು ಕಂಡಿತು. ಲಕ್ಷ್ಮಿದೇವಮ್ಮ ವರದಿಯನ್ನು ಮಡಿಸಿಟ್ಟು ಭಾನುವನ್ನು ಕರೆದರು. ಅವನು ಸಂಕೋಚದಿಂದ ಬಂದು ಚೈತನ್ಯನ ಪಕ್ಕ ನಿಂತ. ಮೋಹನ್‌ಬಾಬು ನೆಲ ನೋಡುತ್ತಿದ್ದರು, ಆದರೂ ಮೊದಲು ಚಪ್ಪಾಳೆ ತಟ್ಟಿದವರು ಅವರೇ.

ಮುಂದಿನ ವಾರ ಸ್ಕೌಟ್ ತರಗತಿ ಭಾನುವೇ ತೆಗೆದುಕೊಂಡ. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತು, ಗಂಟು ಹಾಕುವುದನ್ನು ಇನ್ನೊಂದು ಸಲ ತೋರಿಸಪ್ಪ ಎಂದು ಎರಡು ಬಾರಿ ಕೇಳಿದರು.